ಮೋಟಾರಿನ ಎಣ್ಣೆ: ಮೊದಲ ಸಲ ಮನೆಯಲ್ಲೇ ಬದಲಾಯಿಸುವವರಿಗೆ

ಎತ್ತಿನ ಗಾಡಿಯ ಕಾಲವನ್ನು ಕಂಡವರಿಗೆಲ್ಲ ಕೀಲೆಣ್ಣೆಯ ಗೊಟ್ಟದ ನೆನಪು ಇದ್ದೇ ಇರುತ್ತದೆ. ಅರಸೀಕೆರೆಯ ಕಡೆಯ ನಮ್ಮ ಹಳ್ಳಿಯಲ್ಲಿ ತಂದೆಯವರ ಗಾಡಿಯ ಕೆಳಗೆ ಅಂಥದೊಂದು ಬಿದಿರಿನ ಗೊಟ್ಟ ಸದಾ ತೂಗುತ್ತಿತ್ತು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅದರಲ್ಲಿ ತುಂಬಿಡುತ್ತಿದ್ದರು. ಸಂತೆಗೆ ಹೊರಡುವ ಹಿಂದಿನ ಸಂಜೆ ಕಡಾಣಿಯನ್ನು ಕಿತ್ತು, ಚಕ್ರವನ್ನು ಅಚ್ಚಿನಿಂದ ನಾಲ್ಕು ಬೆರಳು ಈಚೆಗೆ ಎಳೆದು, ಆ ಕಪ್ಪು ಎಣ್ಣೆಯನ್ನು ಸವರಿ, ಚಕ್ರವನ್ನು ನೂಕಿ ಮತ್ತೆ ಕಡಾಣಿ ಹೊಡೆಯುವರು. ಈ ಕೆಲಸಕ್ಕಾಗಿ ಅವರು ಎಂದೂ ಬಡಗಿಯನ್ನಾಗಲಿ ಕಮ್ಮಾರನನ್ನಾಗಲಿ ಕರೆದವರಲ್ಲ. ಗಾಡಿ ಹೂಡುವವನಿಗೆ ಅಚ್ಚಿಗೆ ಎಣ್ಣೆ ಹಾಕಲು ಬಾರದೆಂದರೆ ಊರೆಲ್ಲ ನಗುತ್ತಿತ್ತು.

ಅವರ ಮಗನಾದ ನಾನೋ, ಐವತ್ತು ದಾಟುವವರೆಗೆ ನನ್ನ ಕಾರಿನಲ್ಲಿ ಎಣ್ಣೆ ಎಲ್ಲಿರುತ್ತದೆ ಎಂಬುದನ್ನೇ ನೋಡಿರಲಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಷಟ್ಪದಿಗೆ ಪ್ರಸ್ತಾರ ಹಾಕೆಂದರೆ ಹಾಕಿಯೇನು, ಬಾನೆಟ್ಟು ಎತ್ತೆಂದರೆ ಕೈಕಟ್ಟಿ ನಿಲ್ಲುತ್ತಿದ್ದೆ. ನನ್ನದು ಕೈಬದಲಾಗಿ ಬಂದ ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗೆ ಇಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಗಾಡಿಯನ್ನು ನಿಮ್ಮಲ್ಲಿ ಹಲವರು ಇಂದಿಗೂ ಇಟ್ಟುಕೊಂಡಿರಬಹುದು. ಅದರ ಎಣ್ಣೆಯನ್ನು ಮನೆಯ ಅಂಗಳದಲ್ಲಿ ನಾನೇ ಬದಲಾಯಿಸಲು ಹೋಗಿ, ಮೊದಲ ಸಲ ಕೆಟ್ಟು, ಎರಡನೆಯ ಸಲ ಕಲಿತೆ. ನೀವು ಮೊದಲ ಸಲವೇ ಕೆಡದಿರಲಿ ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ವಿದ್ಯುತ್ ಕಾರಿನವರಿಗೆ ಈ ತಾಪತ್ರಯವಿಲ್ಲ, ಅವರ ಗಾಡಿಯಲ್ಲಿ ಎಂಜಿನ್ನೂ ಇಲ್ಲ, ಎಂಜಿನ್ನಿನ ಎಣ್ಣೆಯೂ ಇಲ್ಲ. ಹೊಸ ಗಾಡಿ ಕೊಂಡು ಕಂಪನಿಯ ಭರವಸೆಯ ಅವಧಿ ಮುಗಿಯದವರೂ ಅವರ ಕಾರ್ಯಾಗಾರಕ್ಕೇ ಕೊಂಡೊಯ್ಯುವುದು ಕ್ಷೇಮ. ಉಳಿದವರು ಹತ್ತಿರ ಬನ್ನಿ.

ಎಣ್ಣೆ ಎಂಜಿನ್ನಿನಲ್ಲಿ ಏನು ಮಾಡುತ್ತದೆ? ಜಾರಿಸುತ್ತದೆ ಎಂದು ಯಾರಾದರೂ ಹೇಳಿಯಾರು. ಅದು ಅರ್ಧ ಉತ್ತರ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ ಎಂಬ ಒಂದೇ ಮಾತು ಇರುವುದು ನಿಮಗೆ ಗೊತ್ತೇ ಇದೆ. ಎಣ್ಣೆಯ ಅಂಟುಗುಣಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ಬಳಸುವ ‘ಸ್ನಿಗ್ಧತೆ’ ಎಂಬ ಪದವೂ ಅದೇ ಧಾತುವಿನಿಂದ ಹುಟ್ಟಿದ್ದು. ಈ ಸ್ನೇಹದ ಕೆಲಸವಾದರೋ ವಿಚಿತ್ರ: ಎರಡನ್ನು ಕೂಡಿಸುವುದಲ್ಲ, ಒಂದನ್ನೊಂದು ಮುಟ್ಟದಂತೆ ನಡುವೆ ನಿಲ್ಲುವುದು.

ಇದು ಬಯಲಾದ ಬಗೆ ಸ್ವಾರಸ್ಯವಾಗಿದೆ. 1883ರ ಸುಮಾರಿನಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚು ಮತ್ತು ಅದರ ಮೇಲೆ ಕೂರುವ ಬೇರಿಂಗನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ; ಬಿರಡೆಯನ್ನು ನೂಕಿತು. ಮರದ ಬೆಣೆ ಜಡಿದ, ಅದನ್ನೂ ನೂಕಿತು. ಚದರ ಅಂಗುಲಕ್ಕೆ 200 ಪೌಂಡಿನವರೆಗೆ ತೋರಿಸುವ ಒತ್ತಡದ ಮಾಪಕವನ್ನು ಅಲ್ಲಿ ಜೋಡಿಸಿ ನೋಡಿದರೆ ಮುಳ್ಳು ಅದನ್ನೂ ಮೀರಿಹೋಯಿತು. ಎಂದರೆ, ತಿರುಗುವ ಅಚ್ಚು ತನ್ನ ರಭಸದಿಂದಲೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಪೊರೆಯ ಮೇಲೆ ತಾನು ತೇಲುತ್ತದೆ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸ ಇದಕ್ಕೆ ಗಣಿತದ ಸಮರ್ಥನೆ ಕೊಟ್ಟ. ನಿಮ್ಮ ಕಾರಿನ ಎಂಜಿನ್ನಿನಲ್ಲೂ ನಡೆಯುವುದು ಇದೇ. ತಳದ ತೊಟ್ಟಿಯಿಂದ ಒಂದು ಪಂಪು ಎಣ್ಣೆಯನ್ನು ಎತ್ತಿ ಫಿಲ್ಟರಿನ ಮೂಲಕ ಬೇರಿಂಗುಗಳಿಗೆ ಒದಗಿಸುತ್ತದೆ. ಅಲ್ಲಿ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಪೊರೆಯೊಂದು, ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವ ಉಕ್ಕನ್ನು ಹೊತ್ತು ನಿಲ್ಲುತ್ತದೆ. ಆ ಪೊರೆ ಒಂದೆರಡು ನಿಮಿಷ ಇಲ್ಲವಾದರೆ ಎಂಜಿನ್ನು ಕಚ್ಚಿಕೊಂಡು ನಿಂತುಹೋದೀತು.

ಜಾರಿಸುವುದರ ಜೊತೆಗೆ ಎಣ್ಣೆ ಶಾಖವನ್ನು ಹೊತ್ತು ತರುತ್ತದೆ, ತುಕ್ಕನ್ನು ತಡೆಯುತ್ತದೆ, ಕೊಳೆಯನ್ನು ತೊಳೆಯುತ್ತದೆ. ಪೆಟ್ರೋಲು ಉರಿದಾಗ ಹುಟ್ಟುವ ಮಸಿ, ನೀರಾವಿ, ಹುಳಿಯಂಶ, ಉರಿಯದೆ ಉಳಿದ ಪೆಟ್ರೋಲು, ಇವೆಲ್ಲ ಪಿಸ್ಟನ್ನಿನ ಬಳೆಗಳ ಸಂದಿಯಿಂದ ನುಸುಳಿ ಎಣ್ಣೆಗೆ ಸೇರುತ್ತವೆ. ತಯಾರಕರು ಎಣ್ಣೆಯಲ್ಲಿ ಬೆರೆಸಿದ ಮಾರ್ಜಕ ದ್ರವ್ಯಗಳು ಆ ಮಸಿಯನ್ನು ಒಂದೆಡೆ ಗಡ್ಡೆಕಟ್ಟಲು ಬಿಡದೆ ತೇಲಿಸಿ ಹಿಡಿದಿಡುತ್ತವೆ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಎಣ್ಣೆ ಬದಲಾಯಿಸಿಕೊಟ್ಟ ಒಂದು ಕಾರ್ಯಾಗಾರದ ಮೇಲೆ ನಾನು ಬಹುಕಾಲ ಸಂಶಯಪಟ್ಟಿದ್ದೆ. ತಿಂಗಳೊಪ್ಪತ್ತಿನಲ್ಲಿ ನೋಡಿದರೆ ಎಣ್ಣೆ ಕಪ್ಪಗಿತ್ತು. ಹಣ ತೆಗೆದುಕೊಂಡು ಹಳೆಯದನ್ನೇ ಬಿಟ್ಟಿದ್ದಾರೆ ಎಂದು ಮನಸ್ಸಿನಲ್ಲೇ ಶಪಿಸಿದೆ. ಹಿಂದೆ ನನ್ನ ಬಳಿ ಓದಿ ಈಗ ಮೆಕ್ಯಾನಿಕ್ಕಾಗಿರುವ ಹುಡುಗನೊಬ್ಬ ನಕ್ಕು, “ಕಪ್ಪಾದ್ರೆ ಕೆಲಸ ಮಾಡ್ತಿದೆ ಅಂತ ಸಾರ್. ಬಟ್ಟೆ ಒಗೆದ ನೀರು ಬೆಳ್ಳಗೇ ಉಳಿದ್ರೆ ಸೋಪು ಹಾಕಿಲ್ಲ ಅಂತ ತಾನೆ?” ಎಂದ. ಅವನ ವ್ಯಾಕರಣ ನನ್ನ ತರಗತಿಯಲ್ಲಿ ಎಂದೂ ಸರಿಯಿರಲಿಲ್ಲ. ಈ ಉಪಮೆ ಮಾತ್ರ ನಿರ್ದುಷ್ಟವಾಗಿತ್ತು. ಬಣ್ಣ ನೋಡಿ ಎಣ್ಣೆಯ ಆಯುಸ್ಸನ್ನು ಹೇಳಲಾಗದು. ಬಿಸಿಯಲ್ಲಿ ಬೆಂದು, ಬೆರೆಸಿದ ದ್ರವ್ಯಗಳೆಲ್ಲ ವೆಚ್ಚವಾಗಿ, ಹುಳಿಯೇರಿ, ಕೊನೆಗೆ ಅದು ಜಿಡ್ಡಾಗತೊಡಗುತ್ತದೆ. ಅದಕ್ಕೆ ಮೊದಲೇ ಬದಲಾಯಿಸತಕ್ಕದ್ದು. ಎಷ್ಟು ಕಿಲೋಮೀಟರಿಗೆ ಎಂಬುದನ್ನು ಗಾಡಿಯ ಜೊತೆ ಬಂದ ಪುಸ್ತಕವೇ ಹೇಳುತ್ತದೆ. ಈಗಿನ ಅನೇಕ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಹಳೆಯ ಗಾಡಿಗಳಿಗೆ ಇನ್ನೂ ಬೇಗ. ನಾನು ಓಡಿಸುವುದೇ ಕಡಿಮೆ ಎಂದು ವರ್ಷದ ಲೆಕ್ಕವನ್ನು ಮರೆಯಬೇಡಿ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಮಾತ್ರ ಓಡುವ ಗಾಡಿಯ ಎಂಜಿನ್ನು ಚೆನ್ನಾಗಿ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರು ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿಯುತ್ತದೆ.

ಅಂಗಡಿಗೆ ಹೋದರೆ ಡಬ್ಬಿಗಳ ಮೇಲಿನ ಅಂಕಿಗಳು ಜ್ಯೋತಿಷ್ಯದ ಕುಂಡಲಿಯಂತೆ ಕಾಣಿಸುತ್ತವೆ. ಹೆದರಬೇಡಿ. 20ಡಬ್ಲ್ಯು-40 ಎಂದಿದ್ದರೆ ಡಬ್ಲ್ಯು ಎಂಬುದು ‘ವಿಂಟರ್’ ಎಂಬ ಮಾತಿನ ಮೊದಲಕ್ಷರ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದಕ್ಕೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂಬುದಕ್ಕೆ. ಹಳೆಯ ಗಾಡಿಗಳ ಬೇರಿಂಗುಗಳ ಸಂದಿ ದೊಡ್ಡದು, ಅವಕ್ಕೆ ಗಟ್ಟಿ ಎಣ್ಣೆ ಒಗ್ಗುತ್ತದೆ. ಈಚಿನ ಎಂಜಿನ್ನುಗಳಿಗೆ 5ಡಬ್ಲ್ಯು-30, 0ಡಬ್ಲ್ಯು-20 ಎಂಬಂಥ ತೆಳು ಎಣ್ಣೆಗಳನ್ನು ಹೇಳಿರುತ್ತಾರೆ. ಇನ್ನೊಂದು ಗುರುತು ಎ.ಪಿ.ಐ. ಎಂಬುದು. ಅಲ್ಲಿ ಎಸ್ ಅಕ್ಷರದಿಂದ ಆರಂಭವಾದರೆ ಪೆಟ್ರೋಲಿಗೆ, ಸಿ ಅಕ್ಷರದಿಂದಾದರೆ ಡೀಸೆಲಿಗೆ. ಪೆಟ್ರೋಲಿನ ಎಣ್ಣೆಗಳಲ್ಲಿ ಎಸ್‌ನ ನಂತರದ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ಕಟ್ಟಳೆಯದು. ಎಸ್‌ಪಿ ಎಂಬುದು 2020ರಲ್ಲಿ ಬಂದದ್ದು. ಪುಸ್ತಕದಲ್ಲಿ ಏನಿದೆಯೋ ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯವನ ಶಿಫಾರಸಿಗೆ ತಲೆದೂಗಬೇಡಿ. ಎಳ್ಳಿನ ನೆಯ್ ‘ಎಣ್ಣೆ’ಯಾಯಿತೆಂದು ನಿಘಂಟು ಹೇಳುತ್ತದೆ, ಇಂದು ಆ ಹೆಸರು ಕಲ್ಲೆಣ್ಣೆಗೂ ಸಂದಿದೆ. ಆದರೆ ಹೆಸರು ಒಂದೇ ಎಂದು ಎಲ್ಲ ಎಣ್ಣೆಯೂ ಒಂದೇ ಅಲ್ಲ. (ನಮ್ಮ ತಂದೆಯವರ ಹರಳೆಣ್ಣೆ ತೀರ ಬಡಪಾಯಿಯೇನಲ್ಲ. ಮೊದಲನೆಯ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೆ ಅದನ್ನೇ ಹಾಕುತ್ತಿದ್ದರು.)

ಎಣ್ಣೆಯ ಜೊತೆಗೆ ನಿಮ್ಮ ಗಾಡಿಯ ಮಾದರಿಗೆ ಹೊಂದುವ ಹೊಸ ಫಿಲ್ಟರು, ತಳದ ಡ್ರೈನ್ ಬೋಲ್ಟಿಗೆ ಹೊಸ ವಾಷರು, ಬೋಲ್ಟಿನ ತಲೆಗೆ ಸರಿಯಾಗಿ ಕೂರುವ ಸ್ಪ್ಯಾನರು, ಅಗಲವಾದ ಹಳೆಯ ಬೋಗುಣಿ, ಲಾಳಿಕೆ, ಮುಚ್ಚಳವಿರುವ ಖಾಲಿ ಡಬ್ಬಿ, ರಬ್ಬರಿನ ಕೈಗವಸು, ಚಿಂದಿ ಬಟ್ಟೆ, ಹಳೆಯ ಪತ್ರಿಕೆಗಳನ್ನು ಅಣಿಮಾಡಿಕೊಳ್ಳಿ. ನನ್ನ ಗಾಡಿಗೆ 17ರ ಸ್ಪ್ಯಾನರು, ಎಣ್ಣೆ ಸುಮಾರು 3 ಲೀಟರು. ಬೋಗುಣಿ ಇದಕ್ಕಿಂತ ದೊಡ್ಡದಿರಬೇಕು. ಅಡಿಗೆಮನೆಯಿಂದ ಬೋಗುಣಿ ತರುವ ಆಲೋಚನೆ ಇದ್ದರೆ ಅದು ಅಲ್ಲಿಗೆ ಮರಳುವಂತಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಾಡಿಯ ಜೊತೆ ಕೊಟ್ಟಿರುವ ಜಾಕು ಚಕ್ರ ಬದಲಾಯಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಒಡ್ಡಕೂಡದು. ಜಾಕು ಜಾರಿದರೆ ಮಾರುತಿಯಂಥ ಪುಟ್ಟ ಗಾಡಿಯೂ ಎದೆಯ ಮೇಲೆ ನೂರಾರು ಕಿಲೋ ಭಾರ ಹಾಕುತ್ತದೆ. ಜಾಕಿನಿಂದ ಎತ್ತಿದ ಮೇಲೆ, ಪುಸ್ತಕದಲ್ಲಿ ತೋರಿಸಿದ ಜಾಗಗಳಲ್ಲಿ ಎರಡು ಕಬ್ಬಿಣದ ಜಾಕ್ ಸ್ಟ್ಯಾಂಡುಗಳನ್ನು ಕೊಟ್ಟು ಗಾಡಿಯನ್ನು ಅವುಗಳ ಮೇಲೆ ಇಳಿಸಬೇಕು. ಇಟ್ಟಿಗೆ ಬೇಡ, ಕಾಂಕ್ರೀಟಿನ ಟೊಳ್ಳು ಬ್ಲಾಕಂತೂ ಬೇಡವೇ ಬೇಡ. ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ. ನೆಲ ಗಟ್ಟಿಯಾಗಿ ಮಟ್ಟಸವಾಗಿರಬೇಕು. ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ನೆಲದ ಮೇಲೆ ಉಳಿಯುವ ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎತ್ತಿನ ಗಾಡಿಗೆ ಕೊಡುತ್ತಿದ್ದಂತೆಯೇ. ಕೆಳಗೆ ನುಸುಳುವ ಮೊದಲು ಗಾಡಿಯನ್ನು ಭುಜ ಕೊಟ್ಟು ಅಲುಗಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಸ್ಟ್ಯಾಂಡು ಇಲ್ಲದವರು ಈ ಲೇಖನವನ್ನು ಓದಿ ಸಂತೋಷಪಟ್ಟು, ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸತಕ್ಕದ್ದು. ಮನೆಯಲ್ಲಿ ಇನ್ನೊಬ್ಬರು ಕರೆದರೆ ಕೇಳುವಷ್ಟು ದೂರದಲ್ಲಿರಲಿ.

ಗಾಡಿಯನ್ನು ಎತ್ತುವ ಮುಂಚೆ ಎಂಜಿನ್ನನ್ನು ಮೂರು ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿ. ತಣ್ಣಗಿನ ಎಣ್ಣೆ ಮಂದವಾಗಿ, ಕೊಳೆಯನ್ನು ತಳದಲ್ಲೇ ಬಿಟ್ಟು ಬರುತ್ತದೆ. ಬೆಚ್ಚಗಾದರೆ ಅದನ್ನೂ ಹೊತ್ತು ತರುತ್ತದೆ. ಹಾಗೆಂದು ಊರು ಸುತ್ತಿ ಬಂದ ಕೂಡಲೇ ಕೈಹಾಕಬೇಡಿ. ಆಗ ಎಣ್ಣೆಯ ಶಾಖ ಕುದಿಯುವ ನೀರಿನದರ ಸಮೀಪದಲ್ಲಿರುತ್ತದೆ. ಎಣ್ಣೆಸ್ನಾನಕ್ಕೆ ಹದವಾದ ಬಿಸಿ ಸಾಕು. ಬಾನೆಟ್ಟು ತೆರೆದು ಮೇಲಿನ ಎಣ್ಣೆಯ ಮುಚ್ಚಳವನ್ನು ಬಿಚ್ಚಿಡಿ; ಗಾಳಿ ಒಳಹೋದರೆ ಎಣ್ಣೆ ಸರಾಗವಾಗಿ ಇಳಿಯುತ್ತದೆ.

ಕೆಳಗೆ ಮಲಗಿ ನೋಡಿದರೆ ಎಂಜಿನ್ನಿನ ತಳದಲ್ಲಿ ಒಂದು ತಗಡಿನ ತೊಟ್ಟಿ ಕಾಣುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಆಯಿಲ್ ಚೇಂಬರ್ ಎನ್ನುತ್ತಾರೆ. ಅದರ ತಗ್ಗಿನಲ್ಲಿರುವುದೇ ಡ್ರೈನ್ ಬೋಲ್ಟು. ಪಕ್ಕದ ಗೇರ್ ಪೆಟ್ಟಿಗೆಗೂ ಇಂಥದೇ ಬೋಲ್ಟು ಇರುತ್ತದೆ. ಅದನ್ನು ಬಿಚ್ಚಿ ಗೇರಿನ ಎಣ್ಣೆಯನ್ನು ಸುರಿದವರುಂಟು. ಯಾವುದು ಯಾವುದೆಂದು ಪುಸ್ತಕದ ಚಿತ್ರದೊಡನೆ ತಾಳೆ ನೋಡಿ. ಇನ್ನು ಬಿಚ್ಚುವ ದಿಕ್ಕು. ಅಂಗಾತ ಮಲಗಿದವನಿಗೆ ಎಡಬಲಗಳೇ ಮರೆತುಹೋಗುತ್ತವೆ. ಬೋಲ್ಟಿನ ತಲೆಗೆ ಮುಖಮಾಡಿ ನೋಡುವಾಗ ಬಿಗಿಯುವುದು ಪ್ರದಕ್ಷಿಣೆ, ಬಿಚ್ಚುವುದು ಅಪ್ರದಕ್ಷಿಣೆ. ಈ ಎರಡು ಮಾತುಗಳು ಕೆಡವುವುದಿಲ್ಲ. ಸ್ಪ್ಯಾನರಿನಿಂದ ಒಂದು ಸಲ ಸಡಿಲಿಸಿ, ಬೋಗುಣಿಯನ್ನು ಸರಿಸಿಟ್ಟು, ಉಳಿದದ್ದನ್ನು ಬೆರಳಿನಿಂದ ತಿರುಗಿಸಿ. ಕೊನೆಯ ಸುತ್ತಿನವರೆಗೆ ಬೋಲ್ಟನ್ನು ಮೇಲಕ್ಕೆ ಒತ್ತಿಹಿಡಿದಿದ್ದು ಥಟ್ಟನೆ ಪಕ್ಕಕ್ಕೆ ಎಳೆದರೆ ಕೈಯ ಮೇಲೆ ಎಣ್ಣೆ ಬೀಳುವುದಿಲ್ಲ. ಎಣ್ಣೆ ಮೊದಲು ಒಂದು ಅಡಿಯಷ್ಟು ಓರೆಯಾಗಿ ಚಿಮ್ಮುತ್ತದೆ, ಬರಬರುತ್ತ ನೇರವಾಗುತ್ತದೆ. ಬೋಗುಣಿಯನ್ನು ಅದಕ್ಕೆ ತಕ್ಕಂತೆ ಸರಿಸಬೇಕು. ಬೋಲ್ಟು ಕೈಜಾರಿ ಬೋಗುಣಿಗೆ ಬಿದ್ದರೆ ಗಾಬರಿ ಬೇಡ. ಎಣ್ಣೆಯಲ್ಲಿ ಅದಕ್ಕೇನೂ ಕೆಡುಕಿಲ್ಲ.

ಪೂರ್ತಿ ಸೋರಲು ಹದಿನೈದು ಇಪ್ಪತ್ತು ನಿಮಿಷ ಬಿಡಿ. ಜಗುಲಿಯ ರೇಡಿಯೋ ಹಾಕಿಕೊಂಡರೆ ವಾರ್ತೆಯೂ ಒಂದೆರಡು ಗೀತೆಗಳೂ ಮುಗಿಯುವಷ್ಟರಲ್ಲಿ ಧಾರೆ ಹನಿಯಾಗಿರುತ್ತದೆ. ಬಳಿಕ ಬೋಲ್ಟನ್ನು ಒರೆಸಿ, ಹೊಸ ವಾಷರು ತೊಡಿಸಿ, ಮೊದಲು ಬರಿಯ ಬೆರಳಿನಿಂದಲೇ ಒಳಕ್ಕೆ ತಿರುಗಿಸಿ. ಇದರಲ್ಲಿ ಅವಸರ ಮಾಡಿ ಬೋಲ್ಟನ್ನು ಓರೆಯಾಗಿ ಕೂರಿಸಿ ಸ್ಪ್ಯಾನರು ಹಾಕಿದರೆ ಥ್ರೆಡ್ಡು ಹರಿದುಹೋಗುತ್ತದೆ. ಆಗ ನೂರು ರೂಪಾಯಿನ ಉಳಿತಾಯಕ್ಕೆ ಹೋಗಿ ಚೇಂಬರನ್ನೇ ಬಿಚ್ಚಿಸಬೇಕಾದೀತು. ಬೆರಳಿಗೆ ಬಿಗಿ ಹತ್ತಿದರೆ ಹಿಂದಕ್ಕೆ ತಿರುಗಿಸಿ ಮತ್ತೆ ಹಿಡಿಯಿರಿ. ಪೂರ್ತಿ ಕೂತ ಮೇಲೆ ಸ್ಪ್ಯಾನರಿನಿಂದ ಒಂದು ಗಟ್ಟಿ ಬಿಗಿ ಸಾಕು. ಕಾಲಿನಿಂದ ಒದ್ದು ಬಿಗಿಯುವ ಶೌರ್ಯ ಇಲ್ಲಿ ಬೇಡ.

ಈಗ ಫಿಲ್ಟರು. ತಗಡಿನ ಡಬ್ಬಿಯಂತಿರುವ ಇದನ್ನು 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮೊದಲಾದವರು ಮೋಟಾರಿಗೆ ತಂದ ಶೋಧಕದ ವಂಶಜ ಎನ್ನಬೇಕು. ಒಳಗೆ ಮಡಿಕೆ ಮಡಿಕೆಯಾದ ಕಾಗದವಿದ್ದು ಎಣ್ಣೆಯನ್ನು ಸೋಸುತ್ತದೆ. ಕೈಯಿಂದ ತಿರುಗಿಸಿದರೆ ಬರಬೇಕು. ಬಾರದಿದ್ದರೆ ಮರಳುಕಾಗದ ಸುತ್ತಿ ಹಿಡಿದು ತಿರುಗಿಸಿ, ಇಲ್ಲವೆ ಇದಕ್ಕೆಂದೇ ಮಾರುವ ಪಟ್ಟಿಯ ಸ್ಪ್ಯಾನರನ್ನು ತನ್ನಿ. ಅದರಲ್ಲೂ ಒಂದಿಷ್ಟು ಎಣ್ಣೆ ಇರುತ್ತದೆ, ಬೋಗುಣಿ ಕೆಳಗಿರಲಿ.

ನಾನು ಕೆಟ್ಟದ್ದು ಇಲ್ಲಿಯೇ. ಜೂನ್ ತಿಂಗಳ ಮೊದಲ ವಾರ, ಮುಂಗಾರಿನ ಮೋಡ ಕವಿದಿದ್ದ ಭಾನುವಾರ. ಮಳೆ ಬರುವುದರೊಳಗೆ ಮುಗಿಸಬೇಕೆಂಬ ತವಕ. ಹಳೆಯ ಫಿಲ್ಟರನ್ನು ಬಿಚ್ಚಿ ಪಕ್ಕಕ್ಕೆಸೆದೆ, ಹೊಸದನ್ನು ತಿರುಗಿಸಿದೆ, ಮೂರು ಲೀಟರು ಹೊಸ ಎಣ್ಣೆ ಸುರಿದೆ, ಹೆಮ್ಮೆಯಿಂದ ಸ್ಟಾರ್ಟು ಮಾಡಿದೆ. ಎಂಜಿನ್ನು ಹಿತವಾಗಿ ಹಾಡಿತು. ನಾನು ಸ್ಟಿಯರಿಂಗಿನ ಮುಂದೆ ಕೂತು ಆ ಹಾಡಿಗೆ ಮೈಮರೆತಿದ್ದಾಗ ಬಾವಿಕಟ್ಟೆಯ ಬಳಿಯಿಂದ ನನ್ನ ಹೆಂಡತಿ ಕೂಗಿದಳು: “ರೀ, ನಿಲ್ಲಿಸ್ರಿ! ಕೆಳಗೆ ಏನೋ ಹರೀತಾ ಇದೆ!” ಇಳಿದು ನೋಡಿದರೆ ಜೇನಿನ ಬಣ್ಣದ ಹೊಸ ಎಣ್ಣೆ ಹಾಸುಗಲ್ಲಿನ ಮೇಲೆ ಹರಡಿ, ಕಲ್ಲಿನ ಸಂದಿಗಳಿಂದ ಅಂಗಳದ ಮಣ್ಣಿಗೆ ಇಳಿಯುತ್ತಿತ್ತು. ಹಾಸನದ ನಮ್ಮದು ಹಳೆಯ ಹೆಂಚಿನ ಮನೆ. ಅಂಗಳದಲ್ಲಿ ಬಾವಿಯಿದೆ, ಆ ನೀರನ್ನೇ ಕುಡಿಯುತ್ತೇವೆ. ಗಾಡಿ ನಿಂತದ್ದು ಬಾವಿಗೆ ಹತ್ತು ಹೆಜ್ಜೆಯಲ್ಲಿ. ತಲೆಯ ಮೇಲೆ ಮಳೆಯ ಮೋಡ.

ಎಣ್ಣೆ ಹೋದದ್ದಕ್ಕಿಂತ ಆ ಹತ್ತು ಹೆಜ್ಜೆ ನನ್ನನ್ನು ನಡುಗಿಸಿತು. ಹರಿಯುವ ಕಡೆಗೆ ಮರಳಿನ ಒಡ್ಡು ಕಟ್ಟಿದೆವು. ಪಕ್ಕದ ಬೀದಿಯ ಮರದ ಅಂಗಡಿಗೆ ಓಡಿ ಎರಡು ಚೀಲ ಗರಗಸದ ಹೊಟ್ಟು ತಂದೆ. ಅದನ್ನು ಎಣ್ಣೆಯ ಮೇಲೆ ಚೆಲ್ಲಿ, ಹೀರಿದ ಮೇಲೆ ಗೋರಿ ಚೀಲಕ್ಕೆ ತುಂಬಿದೆವು. ಆಮೇಲೆ ಸಂದಿಯ ಎರಡು ಹಾಸುಗಲ್ಲು ಎತ್ತಿ, ಕೆಳಗಿನ ಮಣ್ಣನ್ನು ಬಣ್ಣ ತಿಳಿಯಾಗುವವರೆಗೆ, ಹತ್ತಿರ ಹತ್ತಿರ ಮೊಳದುದ್ದ ಅಗೆದು ತೆಗೆದೆವು. ನೀರು ಹಾಕಿ ತೊಳೆಯೋಣವೆಂದು ನಾನು ಕೊಡ ಎತ್ತಿದ್ದೆ. “ತೊಳೆದ್ರೆ ಅದು ಹೋಗೋದೆಲ್ಲಿಗೆ?” ಎಂದು ಆಕೆ ಕೊಡ ಕಿತ್ತುಕೊಂಡಳು. ಕೊನೆಯ ಚೀಲದ ಬಾಯಿ ಕಟ್ಟುವಾಗ ಮಳೆ ಹಿಡಿಯಿತು. ಆ ಮಳೆಗಾಲವೆಲ್ಲ ಕುಡಿಯಲು ನಲ್ಲಿಯ ನೀರನ್ನೇ ಹಿಡಿದೆವು. ಬೆಳಿಗ್ಗೆ ಎದ್ದರೆ ಮೊದಲು ಬಾವಿಗೆ ಬಗ್ಗಿ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಾಣುತ್ತದೋ ಎಂದು ನೋಡುವುದು ನನ್ನ ಕೆಲಸ. ಕಾಣಲಿಲ್ಲ.

ಕಾರಣ ಕೇಳಲು ಶಿಷ್ಯನಿಗೆ ಫೋನು ಮಾಡಿದೆ. “ಹಳೇ ಫಿಲ್ಟರಿನ ಜೊತೆ ರಬ್ಬರು ಬಂತಾ, ನೋಡಿದ್ರಾ ಸಾರ್?” ಎಂದು ಒಂದೇ ಮಾತು ಕೇಳಿದ. ನೋಡಿರಲಿಲ್ಲ. ಫಿಲ್ಟರಿನ ಬಾಯಿಯಲ್ಲಿ ಒಂದು ರಬ್ಬರಿನ ಬಳೆ ಇರುತ್ತದೆ. ಬಿಸಿಗೆ ಅದು ಅಂಟಿಕೊಂಡು ಎಂಜಿನ್ನಿನ ಮೈಯಲ್ಲೇ ಉಳಿದುಬಿಡುವುದುಂಟು. ನಾನು ಹೊಸ ಫಿಲ್ಟರಿನ ಬಳೆಯನ್ನು ಹಳೆಯ ಬಳೆಯ ಮೇಲೆ ಕೂರಿಸಿದ್ದೆ. ಕೈಗೆ ಬಿಗಿಯಾಗಿದೆ ಎನ್ನಿಸಿತು. ಪಂಪಿನ ಒತ್ತಡ ಏರಿದ ಕೂಡಲೇ ಎರಡು ಬಳೆಗಳೂ ಒಂದರ ಮೇಲೊಂದು ಜಾರಿ ದಾರಿ ಬಿಟ್ಟವು. ಆದುದರಿಂದ ಹಳೆಯ ಫಿಲ್ಟರು ಬಂದ ಕೂಡಲೇ ಅದರ ಬಾಯಿ ನೋಡಿ. ಬಳೆ ಇಲ್ಲದಿದ್ದರೆ ಎಂಜಿನ್ನಿನ ಮೇಲೆ ಹುಡುಕಿ ಕಿತ್ತು, ಆ ಜಾಗವನ್ನು ಬಟ್ಟೆಯಿಂದ ಒರೆಸಿ. ಹೊಸ ಬಳೆಗೆ ಬೆರಳ ತುದಿಯಿಂದ ಹೊಸ ಎಣ್ಣೆ ಸವರಿ, ಫಿಲ್ಟರನ್ನು ಕೈಯಿಂದ ತಿರುಗಿಸಿ. ಬಳೆ ಎಂಜಿನ್ನಿಗೆ ತಾಗಿದ ಮೇಲೆ ಮತ್ತೆ ಮುಕ್ಕಾಲು ಸುತ್ತು, ಅಥವಾ ಫಿಲ್ಟರಿನ ಮೇಲೆ ಅಚ್ಚಾಗಿರುವಷ್ಟು ಸುತ್ತು. ಅದಕ್ಕೆ ಸ್ಪ್ಯಾನರು ಬೇಡ.

ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮಟ್ಟಸವಾದ ನೆಲದ ಮೇಲೆ ನಿಂತ ಮೇಲೆ ಲಾಳಿಕೆಯಿಂದ ಹೊಸ ಎಣ್ಣೆ ಸುರಿಯಿರಿ. ಪುಸ್ತಕ ಹೇಳುವುದಕ್ಕಿಂತ ಅರ್ಧ ಲೀಟರು ಕಡಿಮೆ ಸುರಿದು, ಡಿಪ್ ಸ್ಟಿಕ್ಕನ್ನು ಎಳೆದು ಒರೆಸಿ ಮತ್ತೆ ಅದ್ದಿ ತೆಗೆದು ನೋಡಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಸಮೀಪ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಮೇಲಿನ ಗುರುತನ್ನು ಮೀರಬಾರದು. ಮೀರಿದರೆ ಒಳಗೆ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತದೆ. ನೊರೆಯಲ್ಲಿರುವುದು ಗಾಳಿ, ಗಾಳಿಯ ಮೇಲೆ ಉಕ್ಕು ತೇಲಲಾರದು. ಹಬ್ಬದ ದಿನ ಎಲೆಯ ಮೇಲೆ ತುಪ್ಪ ಸುರಿಯುವ ಧಾರಾಳ ಇಲ್ಲಿ ಸಲ್ಲದು.

ಮುಚ್ಚಳ ಹಾಕಿ ಎಂಜಿನ್ನು ಸ್ಟಾರ್ಟು ಮಾಡಿ. ಮುಂದಿನ ಫಲಕದಲ್ಲಿ ಗಿಂಡಿಯ ಆಕಾರದ ಕೆಂಪು ದೀಪ ಹತ್ತಿ, ಫಿಲ್ಟರು ತುಂಬುವವರೆಗೆ ಕೆಲವು ಸೆಕೆಂಡು ಉರಿದು ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಿ. ಆ ದೀಪ ಹೇಳುವುದು ಎಣ್ಣೆಯ ಒತ್ತಡವನ್ನೇ ಹೊರತು ಪ್ರಮಾಣವನ್ನಲ್ಲ. ರಸ್ತೆಯಲ್ಲಿ ಅದು ಹತ್ತಿದಾಗ, ಮುಂದಿನ ಊರಿನಲ್ಲಿ ನೋಡೋಣ ಎಂದು ಓಡಿಸಿ ಎಂಜಿನ್ನು ಕಳೆದುಕೊಂಡವರನ್ನು ನಾನು ಬಲ್ಲೆ. ಮೊದಲ ನಿಮಿಷ ವೇಗ ಹೆಚ್ಚಿಸದೆ, ನನ್ನಂತೆ ಒಳಗೆ ಕೂತಿರದೆ, ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿ. ನಿಲ್ಲಿಸಿ ಐದು ನಿಮಿಷವಾದ ಮೇಲೆ ಮತ್ತೆ ಕಡ್ಡಿ ಅದ್ದಿ ನೋಡಿ. ಫಿಲ್ಟರು ಕುಡಿದಷ್ಟು ಇಳಿದಿರುತ್ತದೆ, ಅದನ್ನು ಭರ್ತಿಮಾಡಿ.

ಉಳಿದದ್ದು ಬೋಗುಣಿಯಲ್ಲಿರುವ ಹಳೆಯ ಎಣ್ಣೆ. ಇದನ್ನು ಕೇಳಿಕೊಂಡು ಬರುವವರು ಬೇಕಾದಷ್ಟು ಮಂದಿ. ಗೆದ್ದಲು ಬಾರದಂತೆ ಬೇಲಿಯ ಗೂಟಕ್ಕೆ ಬಳಿಯಲು ಒಬ್ಬರು, ಧೂಳು ಏಳದಂತೆ ಬೀದಿಗೆ ಚಿಮುಕಿಸಲು ಒಬ್ಬರು. ಕೊಡಬೇಡಿ. ಎಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿ ಲೋಹದ ಕಣಗಳೂ ವಿಷದ ಮಸಿಯೂ ಇರುತ್ತವೆ. ಪದೇ ಪದೇ ಮೈಗೆ ತಗುಲಿದರೆ ಚರ್ಮದ ಕ್ಯಾನ್ಸರಿನ ಭಯವುಂಟು, ಕೈಗವಸು ಹೇಳಿದ್ದು ಅದಕ್ಕೇ. ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಯಾರದೋ ಬಾವಿಗೇ ಸೇರುತ್ತದೆ. ಚರಂಡಿಗೆ ಸುರಿದರೆ ಊರ ಕೆರೆಗೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದನ್ನು ಹಿಂದಕ್ಕೆ ಪಡೆದು ಶುದ್ಧಿಮಾಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ತಿದ್ದುಪಡಿ 2023ರಲ್ಲಿ ಆಯಿತು. ಕೊಳೆಯಾಗಿದೆಯೆಂದ ಮಾತ್ರಕ್ಕೆ ಎಣ್ಣೆ ಸತ್ತಿಲ್ಲ. ಸರಿಯಾದ ಕಾರ್ಖಾನೆಗೆ ಹೋದರೆ ಶುದ್ಧವಾಗಿ ಮತ್ತೆ ಎಣ್ಣೆಯೇ ಆಗುತ್ತದೆ. ಹೊಸ ಎಣ್ಣೆ ಬಂದ ಡಬ್ಬಿಗೇ ಲಾಳಿಕೆಯಿಂದ ಹಳೆಯದನ್ನು ತುಂಬಿ, ನೀರು, ಪೆಟ್ರೋಲು ಏನನ್ನೂ ಬೆರೆಸದೆ, ‘ಹಳೆಯ ಎಣ್ಣೆ’ ಎಂದು ಚೀಟಿ ಅಂಟಿಸಿ,— ಮಕ್ಕಳಿರುವ ಮನೆಯಲ್ಲಿ ಈ ಚೀಟಿ ಮರೆಯಬಾರದು — ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದವರಿಗೆ ಎಣ್ಣೆ ಕೊಡುವ ದೊಡ್ಡ ಕಾರ್ಯಾಗಾರಕ್ಕೆ ಒಪ್ಪಿಸಿ. ಫಿಲ್ಟರನ್ನು ಒಂದು ರಾತ್ರಿ ಬೋಗುಣಿಯಲ್ಲಿ ಬೋರಲು ಹಾಕಿ ಸೋರಿಸಿ ಜೊತೆಗೇ ಕೊಡಿ. ನಮ್ಮ ಮಣ್ಣಿನ ಚೀಲಗಳನ್ನೂ ಹಾಗೆಯೇ ಸಾಗಿಸಿದೆ. ಪುಣ್ಯಾತ್ಮರು ಮೊದಲು ಮುಖ ಸಿಂಡರಿಸಿದರೂ ತೆಗೆದುಕೊಂಡರು.

ಕೆಲಸ ಮುಗಿದ ದಿನಾಂಕವನ್ನೂ ಓಡಿದ ಕಿಲೋಮೀಟರನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ರಾತ್ರಿ ಮಲಗುವ ಮೊದಲು ಎಂಜಿನ್ನಿನ ಕೆಳಗೆ ಒಂದು ಹಳೆಯ ಪತ್ರಿಕೆಯನ್ನು ಬಿಡಿಸಿ ಹಾಸಿ. ಬೆಳಿಗ್ಗೆ ಅದರ ಮೇಲೆ ಒಂದೆರಡು ಹನಿ ಕಂಡರೆ ಒರೆಸದೆ ಉಳಿದ ಎಣ್ಣೆಯಿರಬಹುದು, ಸ್ಥಳವನ್ನು ಒರೆಸಿ ಇನ್ನೊಂದು ರಾತ್ರಿ ನೋಡಿ. ಅಂಗೈಯಗಲ ಕಲೆಯಾಗಿದ್ದರೆ ಗಾಡಿ ತೆಗೆಯಬೇಡಿ. ಬೋಲ್ಟೋ ಫಿಲ್ಟರೋ ಎಂದು ಮೊದಲು ಪತ್ತೆಮಾಡಿ. ಎರಡನೆಯ ಸಲ ನಾನು ಹಾಸಿದ ಪತ್ರಿಕೆಯ ಮೇಲೆ ಬೆಳಿಗ್ಗೆ ಬೆಕ್ಕು ಮಲಗಿತ್ತು. ಅದನ್ನು ಎಬ್ಬಿಸಿ ನೋಡಿದೆ. ಪತ್ರಿಕೆ ಒಣಗಿತ್ತು.